ಎಐ ಏಜೆಂಟ್ ಮತ್ತು ವಿಕೇಂದ್ರಿತ ಕ್ರಿಪ್ಟೊ ಸಾಲ: ವಹಿವಾಟು ಸಿದ್ಧಪಡಿಸುವ ಉಪಕರಣಗಳು

ವಿಕೇಂದ್ರಿತ ಸಾಲದ ವ್ಯವಸ್ಥೆಯಲ್ಲಿ ಠೇವಣಿ ಇಡಲು, ಅಡಮಾನದ ಮೇಲೆ ಸಾಲ ಎತ್ತಲು, ಸಾಲ ತೀರಿಸಲು, ಇಟ್ಟದ್ದನ್ನು ಬಿಡಿಸಿಕೊಳ್ಳಲು ಬೇಕಾದ ಬ್ಲಾಕ್‌ಚೈನ್ ವಹಿವಾಟನ್ನು ಎಐ ಏಜೆಂಟ್ ಅಣಿಮಾಡಿ ಕೊಡಲು ನೆರವಾಗುವ ತಂತ್ರಾಂಶಗಳಿವು. "ನನ್ನ ಎರಡು ಈಥರ್ ಅಡವಿಟ್ಟು ಮೂರು ಸಾವಿರ ಡಾಲರ್ ಸಾಲ ತೆಗೆಯಬೇಕು" ಎಂದು ಬಳಕೆದಾರರು ಆಡುಮಾತಿನಲ್ಲಿ ಹೇಳುತ್ತಾರೆ. ಭಾಷಾ ಮಾದರಿ ಅದನ್ನು ಅರ್ಥಮಾಡಿಕೊಂಡು ತಕ್ಕ ಉಪಕರಣವನ್ನು ಕರೆಯುತ್ತದೆ. ಯಾವ ಕಾಂಟ್ರ್ಯಾಕ್ಟಿಗೆ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಮಿಗೆ), ಯಾವ ಫಂಕ್ಷನ್ನಿಗೆ, ಎಷ್ಟು ಮೊತ್ತ, ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನೆಲ್ಲ ತುಂಬಿದ, ಆದರೆ ಸಹಿ ಬೀಳದ ವಹಿವಾಟನ್ನು ಉಪಕರಣ ಹಿಂದಿರುಗಿಸುತ್ತದೆ. ಸಹಿ ಹಾಕುವುದು, ಜಾಲಕ್ಕೆ ಕಳಿಸುವುದು ಬೇರೆಯ ಕೆಲಸ. ಅದು ಬಳಕೆದಾರರ ವಾಲೆಟ್ಟಿನಲ್ಲಿ ನಡೆಯುತ್ತದೆ.

ಉಪನೋಂದಣಾಧಿಕಾರಿ ಕಚೇರಿಯ ಎದುರು ಕೂರುವ ಪತ್ರ ಬರಹಗಾರರು ಕ್ರಯಪತ್ರ ಬರೆದುಕೊಡುತ್ತಾರೆ, ಸಹಿ ಹಾಕುವವರು ಪಾರ್ಟಿಗಳು. ಇಲ್ಲಿಯೂ ಕೆಲಸದ ಹಂಚಿಕೆ ಹಾಗೆಯೇ ಇದೆ. ವ್ಯತ್ಯಾಸವೆಂದರೆ, ಕ್ರಯಪತ್ರವನ್ನು ಸಹಿಗೆ ಮುನ್ನ ಓದಿಸಿ ಕೇಳಬಹುದು. ಬ್ಲಾಕ್‌ಚೈನ್ ವಹಿವಾಟು ಮನುಷ್ಯರ ಕಣ್ಣಿಗೆ ಅಂಕಿ ಅಕ್ಷರಗಳ ಉದ್ದನೆಯ ಸರವಾಗಿ ಕಾಣುತ್ತದೆ. ಸಿದ್ಧಪಡಿಸುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು ಎಂಬ ವಿಂಗಡಣೆಯೇ ಈ ಉಪಕರಣಗಳ ದೊಡ್ಡ ಬಲ. ಸಹಿ ಹಾಕುವವರಿಗೆ ತಾವು ಏನಕ್ಕೆ ಒಪ್ಪುತ್ತಿದ್ದೇವೆಂದು ತಿಳಿಯದಿದ್ದರೆ ಆ ಬಲ ಹೆಸರಿಗಷ್ಟೇ ಉಳಿಯುತ್ತದೆ.

ಸಾಲದ ವ್ಯವಸ್ಥೆ

ಈಥರ್ ಎಂಬ ನಾಣ್ಯದ ಇಥೀರಿಯಂ ಜಾಲ 2015ರ ಜುಲೈ 30ರಂದು ಆರಂಭವಾಯಿತು. ಅದರ ಮೇಲೆ ಸಾಲದ ವ್ಯವಸ್ಥೆ ಕಟ್ಟಿದವರಲ್ಲಿ ಮೇಕರ್‌ಡಾವೊ ಮೊದಲಿನವುಗಳಲ್ಲಿ ಒಂದು; ರೂನ್ ಕ್ರಿಸ್ಟೆನ್ಸೆನ್ ಮುಂದಾಳತ್ವದ ಈ ಯೋಜನೆ 2017ರ ಡಿಸೆಂಬರ್‌ನಲ್ಲಿ ಈಥರ್ ಅಡಮಾನದ ಮೇಲೆ ಡಾಯ್ ಎಂಬ ಡಾಲರ್ ಬೆಲೆಯ ನಾಣ್ಯ ಹೊರಡಿಸಿತು. ರಾಬರ್ಟ್ ಲೆಷ್ನರ್ ಮತ್ತು ಜೆಫ್ರಿ ಹೇಯ್ಸ್ ಸ್ಥಾಪಿಸಿದ ಕಾಂಪೌಂಡ್ 2018ರ ಸೆಪ್ಟೆಂಬರ್‌ನಲ್ಲಿ ಬಂತು. ಫಿನ್ಲೆಂಡಿನ ಸ್ಟಾನಿ ಕುಲೆಚೊವ್ 2017ರಲ್ಲಿ ಇಥ್‌ಲೆಂಡ್ ಎಂದು ಶುರು ಮಾಡಿದ್ದು, ಸಾಲ ಕೊಡುವವರನ್ನೂ ಪಡೆಯುವವರನ್ನೂ ಒಬ್ಬರಿಗೊಬ್ಬರು ಹೊಂದಿಸುವ ಪದ್ಧತಿಯನ್ನು ಕೈಬಿಟ್ಟು, ಎಲ್ಲರ ಹಣವನ್ನೂ ಒಂದೇ ಕೊಳದಲ್ಲಿ ಸೇರಿಸುವ ಆವೆ ಆಗಿ 2020ರ ಜನವರಿಯಲ್ಲಿ ಹೊಸ ರೂಪ ಪಡೆಯಿತು. ಪ್ಯಾರಿಸ್ಸಿನಲ್ಲಿ ಪೌಲ್ ಫ್ರಾಂಬೊ ಮತ್ತು ಸಂಗಡಿಗರು ಕಟ್ಟಿದ ಮಾರ್ಫೊ, 2024ರ ಜನವರಿಯಲ್ಲಿ ಪ್ರತಿಯೊಂದು ಸಾಲದ ಮಾರುಕಟ್ಟೆಯನ್ನೂ ಬೇರೆ ಬೇರೆಯಾಗಿಡುವ ವಿನ್ಯಾಸ ತಂದಿತು.

ಇವೆಲ್ಲಕ್ಕೂ ಒಂದು ಸಮಾನ ಲಕ್ಷಣವಿದೆ. ಸಾಲ ಕೇಳುವವರು ಯಾರು, ಅವರ ಸಂಬಳ ಎಷ್ಟು, ಹಿಂದಿನ ಸಾಲ ಕಟ್ಟಿದ್ದಾರೆಯೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಸಾಲಕ್ಕಿಂತ ಹೆಚ್ಚು ಬೆಲೆಯ ಅಡಮಾನ ಇಟ್ಟರೆ ಸಾಲ ಸಿಗುತ್ತದೆ. ಅಡಮಾನದ ಬೆಲೆ ಮಿತಿಗಿಂತ ಇಳಿದರೆ ಯಾರು ಬೇಕಾದರೂ ಆ ಸಾಲದ ಭಾಗ ತೀರಿಸಿ, ಅಡಮಾನವನ್ನು ಸ್ವಲ್ಪ ಅಗ್ಗಕ್ಕೆ ಕೊಂಡುಕೊಳ್ಳಬಹುದು. ಇದಕ್ಕೆ ಲಿಕ್ವಿಡೇಶನ್ ಎನ್ನುತ್ತಾರೆ. ನೋಟಿಸ್ ಇಲ್ಲ, ಗಡುವು ವಿಸ್ತರಣೆ ಇಲ್ಲ, ಮ್ಯಾನೇಜರ್ ಹತ್ತಿರ ಹೋಗಿ ಮಾತಾಡುವ ಅವಕಾಶವಿಲ್ಲ. ಹೊರಗಿನ ಮಾರುಕಟ್ಟೆಯ ಬೆಲೆಯನ್ನು ಕಾಂಟ್ರ್ಯಾಕ್ಟಿಗೆ ತಿಳಿಸುವ ಒರಾಕಲ್ ಹೇಳಿದ್ದೇ ಬೆಲೆ.

ಹೀಗಾಗಿ ಏಜೆಂಟ್ ಯಾರನ್ನೂ ಒಲಿಸಿಕೊಳ್ಳಬೇಕಾಗಿಲ್ಲ. ಅದರ ಕೆಲಸ ಲೆಕ್ಕದ್ದು. ಎರಡು ಈಥರ್ ಅಡವಿಟ್ಟ ಬಳಕೆದಾರರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಈಥರ್ ಬೆಲೆ 3,000 ಡಾಲರ್, ಲಿಕ್ವಿಡೇಶನ್ ಮಿತಿ ಶೇ. 80 ಎಂದುಕೊಂಡರೆ, 6,000 ಡಾಲರಿನ ಅಡಮಾನದಲ್ಲಿ ಲೆಕ್ಕಕ್ಕೆ ಬರುವುದು 4,800. ಅದನ್ನು 3,000 ಡಾಲರ್ ಸಾಲದಿಂದ ಭಾಗಿಸಿದರೆ 1.6. ಆವೆಯಲ್ಲಿ ಈ ಸಂಖ್ಯೆಗೆ ಹೆಲ್ತ್ ಫ್ಯಾಕ್ಟರ್ ಎಂದು ಹೆಸರು. ಅದು 1ಕ್ಕಿಂತ ಕೆಳಗಿಳಿದರೆ ಅಡಮಾನ ಮಾರಾಟಕ್ಕೆ ತೆರೆದುಕೊಳ್ಳುತ್ತದೆ. ಈ ಸಾಲದಲ್ಲಿ ಆ ಗಳಿಗೆ ಬರುವುದು ಈಥರ್ 1,875 ಡಾಲರ್ ಮುಟ್ಟಿದಾಗ, ಅಂದರೆ ಬೆಲೆ ಶೇ. 37.5ರಷ್ಟು ಕುಸಿದಾಗ. ಒಳ್ಳೆಯ ಉಪಕರಣ ಸಹಿಗೆ ಮುನ್ನ ಬಳಕೆದಾರರಿಗೆ ಹೇಳಬೇಕಾದ ಮೊದಲ ಮಾತು ಈ 1,875. ಬಡ್ಡಿ ದರಕ್ಕಿಂತಲೂ ಮುಖ್ಯವಾದ ಅಂಕಿ ಅದು. ಹಲವು ಪರದೆಗಳು ಬಡ್ಡಿಯನ್ನು ದಪ್ಪಕ್ಷರದಲ್ಲಿ ತೋರಿಸಿ ಇದನ್ನು ಮೂಲೆಗೆ ತಳ್ಳುವುದು ವಿಷಾದದ ಸಂಗತಿ.

ವಹಿವಾಟಿನ ಒಳಗೆ

ಹೊರಗಿನಿಂದ ನೋಡಿದರೆ ಅಡಮಾನ ಇಟ್ಟು ಸಾಲ ಎತ್ತುವುದು ಒಂದೇ ಕೆಲಸ. ಒಳಗೆ ಅದು ಸಾಮಾನ್ಯವಾಗಿ ಮೂರು. ಮೊದಲು ನಾಣ್ಯದ ಕಾಂಟ್ರ್ಯಾಕ್ಟಿಗೆ "ಇಷ್ಟು ಮೊತ್ತವನ್ನು ಆ ಸಾಲದ ಕಾಂಟ್ರ್ಯಾಕ್ಟ್ ನನ್ನಿಂದ ತೆಗೆದುಕೊಳ್ಳಬಹುದು" ಎಂಬ ಅನುಮತಿ ಕೊಡಬೇಕು, ಇದು ಅಪ್ರೂವ್. ಎರಡನೆಯದು ಅಡಮಾನ ಇಡುವುದು. ಮೂರನೆಯದು ಸಾಲ ಎತ್ತುವುದು. ಪ್ರತಿಯೊಂದರಲ್ಲೂ ಜಾಲದ ಗುರುತು ಸಂಖ್ಯೆ, ಕಾಂಟ್ರ್ಯಾಕ್ಟ್ ವಿಳಾಸ, ಖಾತೆಯ ಕ್ರಮಸಂಖ್ಯೆ, ವಹಿವಾಟಿಗೆ ಜಾಲ ಪಡೆಯುವ ಗ್ಯಾಸ್ ಶುಲ್ಕದ ಮಿತಿ, ಮತ್ತು ಕಾಲ್‌ಡೇಟಾ ಎಂಬ ಬೈಟ್‌ಗಳ ಸರ ಇರುತ್ತವೆ. ಕಾಲ್‌ಡೇಟಾದ ಮೊದಲ ನಾಲ್ಕು ಬೈಟ್ ಯಾವ ಫಂಕ್ಷನ್ ಎಂದು ಹೇಳಿದರೆ, ಉಳಿದವು 32 ಬೈಟ್‌ಗಳ ಕಟ್ಟುಗಳಾಗಿ ವಿಳಾಸ, ಮೊತ್ತ ಇತ್ಯಾದಿಗಳನ್ನು ಹೊತ್ತಿರುತ್ತವೆ.

ತಪ್ಪುಗಳು ಹುಟ್ಟುವುದು ಈ ಕಟ್ಟುಗಳಲ್ಲೇ. ಕಾಂಟ್ರ್ಯಾಕ್ಟುಗಳಿಗೆ ದಶಾಂಶ ಬಿಂದು ಗೊತ್ತಿಲ್ಲ, ಪೂರ್ಣಾಂಕವಷ್ಟೇ ಗೊತ್ತು. ಯುಎಸ್‌ಡಿಸಿ ಡಾಲರ್ ಬೆಲೆಯ, ಆರು ದಶಾಂಶ ಸ್ಥಾನಗಳ ನಾಣ್ಯ. ಹಾಗಾಗಿ 3,000 ಯುಎಸ್‌ಡಿಸಿ ಎಂದರೆ 300 ಕೋಟಿ ಮೂಲಘಟಕ. ಡಾಯ್‌ಗೆ ಹದಿನೆಂಟು ಸ್ಥಾನ; ಅಲ್ಲಿ ಅದೇ 3,000ಕ್ಕೆ ಮೂರರ ಮುಂದೆ 21 ಸೊನ್ನೆ ಬೇಕು. ಯುಎಸ್‌ಡಿಸಿಗೆ ಡಾಯ್ ಲೆಕ್ಕ ಹಾಕಿದರೆ ಅಸಾಧ್ಯ ಮೊತ್ತವಾಗಿ ವಹಿವಾಟು ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ. ತಪ್ಪು ಕಣ್ಣಿಗೆ ಬೀಳುತ್ತದೆ. ಡಾಯ್‌ಗೆ ಯುಎಸ್‌ಡಿಸಿ ಲೆಕ್ಕ ಹಾಕಿದರೆ ಅಪಾಯ ಹೆಚ್ಚು: ಡಾಲರಿನ ನೂರು ಕೋಟಿ ಪಾಲಿನಲ್ಲಿ ಮೂರು ಪಾಲು ಮಾತ್ರ ಪಾವತಿಯಾಗುತ್ತದೆ, ವಹಿವಾಟು "ಯಶಸ್ವಿ" ಎಂದು ಬರುತ್ತದೆ. ಸಾಲ ತೀರಿತೆಂದು ಬಳಕೆದಾರರು ನೆಮ್ಮದಿಯಿಂದಿರುತ್ತಾರೆ, ಸಾಲವೂ ಇದ್ದಲ್ಲೇ ಇರುತ್ತದೆ. ಆವೆಯ ಮೂರನೆಯ ಆವೃತ್ತಿ ಒಂದರಲ್ಲೇ ಡಾಲರ್ ಬೆಲೆಗೆ ಎಂಟು, ಹೆಲ್ತ್ ಫ್ಯಾಕ್ಟರಿಗೆ ಹದಿನೆಂಟು, ಬಡ್ಡಿ ದರಕ್ಕೆ ಇಪ್ಪತ್ತೇಳು ದಶಾಂಶ ಸ್ಥಾನಗಳು ಬಳಕೆಯಲ್ಲಿವೆ. ಇಂಥ ಲೆಕ್ಕವನ್ನು ಭಾಷಾ ಮಾದರಿಗೆ ಬಿಡುವುದು ಬೇಜವಾಬ್ದಾರಿ. ಮಾದರಿ "3000, ಯುಎಸ್‌ಡಿಸಿ" ಎಂದಷ್ಟೇ ಹೇಳಿ, ಸ್ಥಾನಗಳ ಲೆಕ್ಕವನ್ನು ಉಪಕರಣದ ಸಾಮಾನ್ಯ ಕೋಡ್ ಮಾಡಬೇಕು. ವಿಳಾಸಗಳಿಗೂ ಇದೇ ನಿಯಮ ಸಲ್ಲುತ್ತದೆ. ನಲವತ್ತು ಅಂಕೆಗಳ ವಿಳಾಸವನ್ನು ಮಾದರಿ ನೆನಪಿನಿಂದ ಬರೆದರೆ ಒಂದು ಅಂಕೆ ತಪ್ಪಿದರೂ ಹಣ ಯಾರೂ ತೆಗೆಯಲಾಗದ ಕಡೆಗೆ ಹೋಗಬಹುದು. ಪರಿಶೀಲಿಸಿದ ಪಟ್ಟಿಯಿಂದಲೇ ವಿಳಾಸ ಆಯುವುದು ಸರಿಯಾದ ಪದ್ಧತಿ.

ಒಂದೊಂದು ಪ್ರೋಟೋಕಾಲಿನ ಜಾಯಮಾನವೂ ಬೇರೆ. ಆವೆಯಲ್ಲಿ ಸಪ್ಲೈ, ಬಾರೋ, ರಿಪೇ, ವಿತ್‌ಡ್ರಾ ಎಂಬ ನಾಲ್ಕು ಫಂಕ್ಷನ್ನುಗಳು ಹೆಸರಿಗೆ ತಕ್ಕ ಕೆಲಸ ಮಾಡುತ್ತವೆ. ಕಾಂಪೌಂಡಿನ ಮೂರನೆಯ ಆವೃತ್ತಿಯಲ್ಲಿ ಸಾಲ ಎತ್ತುವುದಕ್ಕೆಂದೇ ಪ್ರತ್ಯೇಕ ಫಂಕ್ಷನ್ ಇಲ್ಲ. ಆ ಮಾರುಕಟ್ಟೆಯ ಮೂಲ ನಾಣ್ಯವನ್ನು ನಿಮ್ಮ ಠೇವಣಿಗಿಂತ ಹೆಚ್ಚು ಹಿಂಪಡೆದರೆ ಆ ಹೆಚ್ಚುವರಿ ತಾನಾಗಿ ಸಾಲವಾಗುತ್ತದೆ. "ನನ್ನ ಹಣವೆಲ್ಲ ತೆಗೆ" ಎಂಬ ಕೋರಿಕೆಗೆ ಏಜೆಂಟ್ ಮೊತ್ತವನ್ನು ಸ್ವಲ್ಪ ಹೆಚ್ಚಾಗಿ ಬರೆದರೆ, ಅಡಮಾನ ಇದ್ದವರ ತಲೆಯ ಮೇಲೆ ಸಾಲ ಕೂರಬಹುದು. ಮಾರ್ಫೊದಲ್ಲಿ ಬಡ್ಡಿಗೆ ಹಣ ಇಡುವುದು ಒಂದು ಫಂಕ್ಷನ್, ಅಡಮಾನ ಇಡುವುದು ಬೇರೆ ಫಂಕ್ಷನ್. ಮಾರುಕಟ್ಟೆಯನ್ನು ಗುರುತಿಸುವುದು ಹೆಸರಿನಿಂದಲ್ಲ, ಸಾಲದ ನಾಣ್ಯ, ಅಡಮಾನದ ನಾಣ್ಯ, ಒರಾಕಲ್, ಬಡ್ಡಿ ಸೂತ್ರ, ಲಿಕ್ವಿಡೇಶನ್ ಮಿತಿ ಎಂಬ ಐದು ಅಂಶಗಳಿಂದ. ಎರಡು ಮಾರುಕಟ್ಟೆಗಳು ನಾಲ್ಕರಲ್ಲಿ ಒಂದೇ ಆಗಿದ್ದು ಒರಾಕಲ್ಲಿನಲ್ಲಿ ಮಾತ್ರ ಬೇರೆಯಾಗಿರಬಹುದು. ಹೆಸರು ನೋಡಿ ಆಯುವ ಏಜೆಂಟಿಗೆ ಅವೆರಡೂ ಒಂದೇ ಎನಿಸುತ್ತವೆ. ಯುಎಸ್‌ಡಿಟಿ ನಾಣ್ಯದ ಇಥೀರಿಯಂ ಕಾಂಟ್ರ್ಯಾಕ್ಟಿನಲ್ಲಿ ಮೊದಲೇ ಕೊಟ್ಟ ಅನುಮತಿಯನ್ನು ನೇರವಾಗಿ ಬದಲಿಸಲು ಆಗುವುದಿಲ್ಲ. ಮೊದಲು ಸೊನ್ನೆಗೆ ತಂದು ಆಮೇಲೆ ಹೊಸ ಮೊತ್ತ ಬರೆಯಬೇಕು. ಇಂಥ ಸಣ್ಣಪುಟ್ಟ ಸೂಕ್ಷ್ಮಗಳನ್ನು ಒಳಗೆ ಅಡಗಿಸಿಕೊಂಡಿರುವುದೇ ಈ ಉಪಕರಣಗಳ ನಿಜವಾದ ಉಪಯೋಗ.

ಸಾಲ ತೀರಿಸುವಾಗ ಮತ್ತೊಂದು ತೊಡಕು ಎದುರಾಗುತ್ತದೆ. ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಇಥೀರಿಯಂನಲ್ಲಿ ಹನ್ನೆರಡು ಸೆಕೆಂಡಿಗೊಂದು ಬ್ಲಾಕ್ ಬರುತ್ತದೆ. ಏಜೆಂಟ್ ಬಾಕಿ ನೋಡಿ ಅಷ್ಟೇ ಮೊತ್ತಕ್ಕೆ ವಹಿವಾಟು ಬರೆದು, ಬಳಕೆದಾರರು ಹತ್ತು ನಿಮಿಷ ಬಿಟ್ಟು ಸಹಿ ಹಾಕಿದರೆ ಚೂರು ಸಾಲ ಉಳಿದುಬಿಡುತ್ತದೆ, ಅದರಿಂದ ಅಡಮಾನ ಪೂರ್ತಿ ಬಿಡುಗಡೆಯಾಗುವುದಿಲ್ಲ. ಆವೆಯಲ್ಲಿ ಇದಕ್ಕೆ ಪರಿಹಾರ, ಮೊತ್ತದ ಜಾಗದಲ್ಲಿ 78 ಅಂಕೆಗಳ ಗರಿಷ್ಠ ಸಂಖ್ಯೆ ಬರೆಯುವುದು; "ಎಷ್ಟಿದೆಯೋ ಅಷ್ಟೂ" ಎಂದು ಕಾಂಟ್ರ್ಯಾಕ್ಟ್ ಅರ್ಥಮಾಡಿಕೊಳ್ಳುತ್ತದೆ. ಮಾರ್ಫೊದಲ್ಲಿ ಪಾಲುಗಳ ಲೆಕ್ಕದಲ್ಲಿ ತೀರಿಸುತ್ತಾರೆ. ಅದೇ 78 ಅಂಕೆಯ ಸಂಖ್ಯೆಯನ್ನು ಅಪ್ರೂವ್‌ನಲ್ಲಿ ಬರೆದರೆ ಅರ್ಥ ಬೇರೆಯೇ: ನಿಮ್ಮಲ್ಲಿರುವ ಆ ನಾಣ್ಯವನ್ನೆಲ್ಲ, ಇಂದಿನದನ್ನೂ ಮುಂದೆ ಬರುವುದನ್ನೂ, ಆ ಕಾಂಟ್ರ್ಯಾಕ್ಟ್ ತೆಗೆದುಕೊಳ್ಳಬಹುದು. ಒಂದೇ ಸಂಖ್ಯೆ ಒಂದೆಡೆ ಅನುಕೂಲ, ಇನ್ನೊಂದೆಡೆ ತೆರೆದಿಟ್ಟ ತಿಜೋರಿ.

ಹಿಂದಿನ ಹೆಜ್ಜೆಗಳು

ಭಾಷಾ ಮಾದರಿಗಳು ಬರುವ ಮೊದಲೇ ಈ ಕೆಲಸ ಬಾಟ್‌ಗಳ ಕೈಯಲ್ಲಿತ್ತು. ಲಿಕ್ವಿಡೇಶನ್ ನಡೆಸುವವರು, ಮೇಕರ್‌ಡಾವೊ ಅಡಮಾನ ಮಾರುವ ಹರಾಜಿನಲ್ಲಿ ಬಿಡ್ ಹಾಕುವ ಕೀಪರ್‌ಗಳು, ಎಲ್ಲರೂ ಬಹುಮಟ್ಟಿಗೆ ತಂತ್ರಾಂಶಗಳೇ. ಅವುಗಳ ಮಿತಿ 2020ರ ಮಾರ್ಚ್ 12ರಂದು ಬಯಲಾಯಿತು. ಈಥರ್ ಬೆಲೆ ಒಂದೇ ದಿನದಲ್ಲಿ ಶೇ. 40ಕ್ಕೂ ಹೆಚ್ಚು ಕುಸಿದು, ಜಾಲ ಕಿಕ್ಕಿರಿದು, ಗ್ಯಾಸ್ ದರ ಏರಿದಾಗ ಬಹಳಷ್ಟು ಕೀಪರ್‌ಗಳ ವಹಿವಾಟುಗಳು ಒಳಹೋಗಲಿಲ್ಲ. ಎದುರಾಳಿಯಿಲ್ಲದ ಹರಾಜುಗಳಲ್ಲಿ ಸೊನ್ನೆ ಡಾಯ್ ಬಿಡ್ ಹಾಕಿದವರು ಸುಮಾರು 83 ಲಕ್ಷ ಡಾಲರ್ ಬೆಲೆಯ ಈಥರ್ ಗೆದ್ದುಕೊಂಡರು. ವಹಿವಾಟು ಸರಿಯಾಗಿ ಬರೆದರಷ್ಟೇ ಸಾಲದು, ಬಿಕ್ಕಟ್ಟಿನ ಹೊತ್ತಿನಲ್ಲಿ ಅದು ಜಾಲದೊಳಗೆ ಹೋಗುವ ಶುಲ್ಕವನ್ನೂ ಹೊತ್ತಿರಬೇಕು ಎಂಬುದು ಅಂದು ಎಲ್ಲರಿಗೂ ತಿಳಿಯಿತು. ಅದೇ ವರ್ಷ ನವೆಂಬರ್ 26ರಂದು ಕಾಯಿನ್‌ಬೇಸ್ ಪ್ರೊ ವಿನಿಮಯ ಕೇಂದ್ರದಲ್ಲಿ ಡಾಯ್ ಬೆಲೆ ಕೆಲಹೊತ್ತು 1.30 ಡಾಲರಿಗೆ ಜಿಗಿಯಿತು. ಆ ಬೆಲೆಯನ್ನೇ ನಂಬಿದ್ದ ಕಾಂಪೌಂಡಿನಲ್ಲಿ ಸುಮಾರು 8.9 ಕೋಟಿ ಡಾಲರಿನ ಸಾಲಗಳು ಲಿಕ್ವಿಡೇಶನ್ನಿಗೆ ಒಳಗಾದವು.

ಬಳಕೆದಾರರ ಪರವಾಗಿ ಹಲವು ಹೆಜ್ಜೆಗಳನ್ನು ಒಂದರಲ್ಲಿ ಹೆಣೆಯುವ ಪ್ರಯತ್ನದಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. 2018ರ ಆಗಸ್ಟ್‌ನಲ್ಲಿ ನಗರದಲ್ಲಿ ನಡೆದ ಇಥ್‌ಇಂಡಿಯಾ ಹ್ಯಾಕಥಾನ್‌ನಲ್ಲಿ ಸೌಮಯ್ ಜೈನ್, ಸಮ್ಯಕ್ ಜೈನ್ ಸೋದರರು ರೂಪಿಸಿದ ಯೋಜನೆಯೇ ಇನ್‌ಸ್ಟಾಡ್ಯಾಪ್ ಆಗಿ ಬೆಳೆಯಿತು. ಮೇಕರ್‌ನಲ್ಲಿರುವ ಸಾಲವನ್ನು ಅಡಮಾನದ ಸಮೇತ ಕಾಂಪೌಂಡಿಗೆ ಒಂದೇ ವಹಿವಾಟಿನಲ್ಲಿ ಸಾಗಿಸುವಂಥ ಕೆಲಸಗಳನ್ನು ಅದು ಸಾಮಾನ್ಯರಿಗೂ ಎಟುಕಿಸಿತು. ಹೆಜ್ಜೆಗಳಲ್ಲಿ ಒಂದು ತಪ್ಪಿದರೂ ಎಲ್ಲವೂ ರದ್ದಾಗುವುದರಿಂದ ಅರ್ಧ ದಾರಿಯಲ್ಲಿ ಸಿಕ್ಕಿಬೀಳುವ ಭಯವಿರಲಿಲ್ಲ. ಸೆರ್ಬಿಯಾದ ತಂಡವೊಂದು ಕಟ್ಟಿದ ಡಿಫೈ ಸೇವರ್, ಅಡಮಾನದ ಅನುಪಾತ ಬಳಕೆದಾರರು ಗೊತ್ತುಮಾಡಿದ ಗೆರೆ ತಲುಪಿದೊಡನೆ ಸಾಲದ ಭಾಗ ತಾನೇ ತೀರಿಸುವ ಸೌಲಭ್ಯ ಕೊಟ್ಟಿತು. ಇವೆರಡೂ ನಿಯಮ ಆಧರಿಸಿದ ಉಪಕರಣಗಳು. ಏನು ಮಾಡುತ್ತವೆಂದು ಮೊದಲೇ ಹೇಳಬಹುದು. ಇಂದಿನ ಏಜೆಂಟ್‌ಗಳು ಬಳಸುವ ಇಟ್ಟಿಗೆಗಳು ಬಹುಪಾಲು ಇಂಥ ಕೆಲಸಗಳಿಂದಲೇ ಬಂದವು.

ಏಜೆಂಟ್‌ಗಳ ಉಪಕರಣಗಳು

2024ರ ನವೆಂಬರ್ ಈ ಕ್ಷೇತ್ರಕ್ಕೆ ಮುಖ್ಯ ತಿಂಗಳು. ಆಂಥ್ರೊಪಿಕ್ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಎಂಸಿಪಿ, ಎಂಬ ಮುಕ್ತ ಮಾನದಂಡವನ್ನು ಆ ತಿಂಗಳು ಪ್ರಕಟಿಸಿತು. ಉಪಕರಣ ಒದಗಿಸುವವರು ಒಂದು ಸರ್ವರ್ ಬರೆದರೆ ಸಾಕು. ಮಾನದಂಡ ತಿಳಿದ ಯಾವ ಮಾದರಿಯೂ ಅದರಲ್ಲಿರುವ ಉಪಕರಣಗಳ ಪಟ್ಟಿ ಕೇಳಿ ಪಡೆದು ಬಳಸಬಹುದು. ಉಪಕರಣ ಓದಲು ಮಾತ್ರವೇ ಅಥವಾ ಏನನ್ನಾದರೂ ಬದಲಿಸುವಂಥದೇ ಎಂದು ಸೂಚಿಸುವ ಗುರುತುಗಳನ್ನು 2025ರಲ್ಲಿ ಸೇರಿಸಲಾಯಿತು. ಸಾಲದ ಕ್ಷೇತ್ರದಲ್ಲಿ ಈ ಗುರುತು ಬಹಳ ಉಪಯುಕ್ತ. ಮಾರುಕಟ್ಟೆಯ ದರ, ಖಾತೆಯ ಸ್ಥಿತಿ ನೋಡುವುದು ಒಂದು ವರ್ಗ, ವಹಿವಾಟು ಬರೆಯುವುದು ಇನ್ನೊಂದು, ಕಳಿಸುವುದು ಮೂರನೆಯದು. ಎಚ್ಚರದಿಂದ ಕಟ್ಟಿದ ಸರ್ವರ್‌ನಲ್ಲಿ ಮೂರನೆಯ ವರ್ಗವೇ ಇರುವುದಿಲ್ಲ, ಅದರ ಬಳಿ ಸಹಿ ಹಾಕಲು ಬೇಕಾದ ಖಾಸಗಿ ಕೀಲಿಯೂ ಇರುವುದಿಲ್ಲ.

ಅದೇ ನವೆಂಬರಿನಲ್ಲಿ ಕಾಯಿನ್‌ಬೇಸ್ ಬಿಡುಗಡೆ ಮಾಡಿದ ಏಜೆಂಟ್‌ಕಿಟ್ ಬೇರೆ ದಾರಿ ಹಿಡಿಯಿತು. ಏಜೆಂಟಿಗೇ ಒಂದು ವಾಲೆಟ್ ಕೊಟ್ಟು, ಅದು ತಾನೇ ವಹಿವಾಟು ನಡೆಸುವಂತೆ ರೂಪಿಸಿದ ಮುಕ್ತ ತಂತ್ರಾಂಶ ಇದು. ಕಾಂಪೌಂಡ್, ಮಾರ್ಫೊ, ಮೂನ್‌ವೆಲ್ ಮುಂತಾದ ಸಾಲದ ಪ್ರೋಟೋಕಾಲ್‌ಗಳಿಗೆ ಬೇಕಾದ ಕ್ರಿಯೆಗಳು ಇದರಲ್ಲಿ ಸಿದ್ಧವಾಗಿವೆ. ಕ್ರಾಸ್‌ಮಿಂಟ್ ಸಂಸ್ಥೆಯ ಗೋಟ್, ಸೊಲಾನಾ ಜಾಲಕ್ಕೆಂದು ಸೆಂಡ್‌ಎಐ ತಂಡ ಬರೆದ ಸೊಲಾನಾ ಏಜೆಂಟ್ ಕಿಟ್, ಎಲೈಜಾ ಓಎಸ್ ಎಂಬ ಏಜೆಂಟ್ ಚೌಕಟ್ಟು ಸಹ ಆಸುಪಾಸಿನಲ್ಲೇ ಬಂದವು.

ಈ ಎರಡು ದಾರಿಗಳ ನಡುವೆ ಮೂರನೆಯದೊಂದು ಬೆಳೆಯುತ್ತಿದೆ. ಖಾತೆಯೇ ಒಂದು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಆಗಿದ್ದರೆ, ಏಜೆಂಟಿಗೆ ಸೀಮಿತ ಅಧಿಕಾರದ ಕೀಲಿ ಕೊಡಬಹುದು: ಈ ಒಂದು ಸಾಲವನ್ನು ತೀರಿಸಲು ಮಾತ್ರ, ದಿನಕ್ಕೆ ಇಷ್ಟು ಮೊತ್ತದವರೆಗೆ, ಇಂಥ ದಿನಾಂಕದವರೆಗೆ. ಇಆರ್‌ಸಿ-4337 ಎಂಬ ಮಾನದಂಡದ ಕಾಂಟ್ರ್ಯಾಕ್ಟ್ 2023ರ ಮಾರ್ಚ್‌ನಲ್ಲಿ ಇಥೀರಿಯಂಗೆ ಬಂದಿತ್ತು. 2025ರ ಮೇ 7ರ ಪೆಕ್ಟ್ರಾ ಪರಿಷ್ಕರಣೆಯೊಂದಿಗೆ ಬಂದ ಇಐಪಿ-7702, ಸಾಮಾನ್ಯ ಖಾತೆಗೂ ಇಂಥ ಗುಣ ಕೊಡುವುದನ್ನು ಸಾಧ್ಯವಾಗಿಸಿತು. ಮಧ್ಯರಾತ್ರಿ ಬೆಲೆ ಕುಸಿದಾಗ ಬಳಕೆದಾರರನ್ನು ಎಬ್ಬಿಸಿ ಸಹಿ ಕೇಳುತ್ತಾ ಕೂರಲಾಗದು. ಅಂಥ ತುರ್ತಿಗೆ "ತೀರಿಸಬಹುದು, ಎತ್ತುವಂತಿಲ್ಲ" ಎಂಬ ಅಧಿಕಾರ ಮೂರರಲ್ಲೂ ಹೆಚ್ಚು ವಿವೇಕದ್ದು. ಸಾಲ ಕಡಿಮೆ ಮಾಡುವ ಅಧಿಕಾರ ದುರುಪಯೋಗವಾದರೂ ನಷ್ಟಕ್ಕೆ ಮೇರೆಯಿದೆ.

ಏಜೆಂಟ್ ಮೋಸಹೋಗುವ ಬಗೆ

ಭಾಷಾ ಮಾದರಿಗೆ ಯಜಮಾನರ ಆಜ್ಞೆ ಯಾವುದು, ತಾನು ಓದುತ್ತಿರುವ ಪಠ್ಯದಲ್ಲಿ ಅಡಗಿದ ಆಜ್ಞೆ ಯಾವುದು ಎಂದು ಖಚಿತವಾಗಿ ಬೇರ್ಪಡಿಸಲು ಬರುವುದಿಲ್ಲ. ತಂತ್ರಾಂಶ ಡೆವಲಪರ್ ಸೈಮನ್ ವಿಲಿಸನ್ 2022ರ ಸೆಪ್ಟೆಂಬರ್‌ನಲ್ಲಿ ಈ ದೌರ್ಬಲ್ಯಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎಂದು ಹೆಸರಿಟ್ಟರು. ಬ್ಲಾಕ್‌ಚೈನ್‌ನಲ್ಲಿ ಯಾರು ಬೇಕಾದರೂ ನಾಣ್ಯ ಹುಟ್ಟಿಸಬಹುದು, ಅದಕ್ಕೆ ಬೇಕಾದ ಹೆಸರಿಡಬಹುದು. ನಾಣ್ಯದ ಹೆಸರಿನೊಳಗೇ ಆಜ್ಞೆ ಬರೆದಿಟ್ಟರೆ, ಮಾರುಕಟ್ಟೆಗಳ ಪಟ್ಟಿ ಓದುವ ಏಜೆಂಟಿನ ಮುಂದೆ ಅದೂ ಬರುತ್ತದೆ.

ಫ್ರೇಸಾ ಪ್ರಕರಣ ಇದನ್ನು ಎಲ್ಲರೆದುರು ತೋರಿಸಿತು. 2024ರ ನವೆಂಬರಿನಲ್ಲಿ ನಡೆದ ಆ ಪಂದ್ಯದಲ್ಲಿ ಒಂದು ಏಜೆಂಟಿಗೆ ನಿಧಿಯೊಂದನ್ನು ಒಪ್ಪಿಸಿ, ಯಾವ ಕಾರಣಕ್ಕೂ ಹಣ ಹೊರಗೆ ಕಳಿಸಬೇಡ ಎಂದು ಹೇಳಲಾಗಿತ್ತು. ಶುಲ್ಕ ಕಟ್ಟಿ ಯಾರಾದರೂ ಅದಕ್ಕೆ ಸಂದೇಶ ಕಳಿಸಬಹುದಿತ್ತು. 482ನೆಯ ಸಂದೇಶ ಗೆದ್ದಿತು. ಹಣ ಕಳಿಸುವ ಫಂಕ್ಷನ್ ವಾಸ್ತವದಲ್ಲಿ ಹಣ ಒಳಬರುವಾಗ ಕರೆಯಬೇಕಾದದ್ದು ಎಂದು ಅದರಲ್ಲಿ ಏಜೆಂಟನ್ನು ನಂಬಿಸಿ, ನಾನು 100 ಡಾಲರ್ ದೇಣಿಗೆ ಕೊಡುತ್ತೇನೆ ಎಂದು ಬರೆದಿತ್ತು. ಏಜೆಂಟ್ ಸುಮಾರು 47,000 ಡಾಲರಿನ ನಿಧಿಯನ್ನೇ ಕಳಿಸಿಬಿಟ್ಟಿತು. ಆಜ್ಞೆ ಮೀರಬೇಕೆಂದು ಏಜೆಂಟಿಗೆ ಅನಿಸಿರಲಿಲ್ಲ. ಉಪಕರಣದ ಅರ್ಥವನ್ನೇ ಬದಲಿಸಿ ಹೇಳಿದ್ದು ಸಾಕಾಯಿತು. ಕಾಂಪೌಂಡಿನಲ್ಲಿ ಹಿಂಪಡೆಯುವ ಫಂಕ್ಷನ್ನೇ ಸಾಲವನ್ನೂ ಕೊಡುತ್ತದೆ ಎಂಬುದನ್ನು ನೆನೆದರೆ ಈ ಪಂದ್ಯ ಸಾಲದ ಕ್ಷೇತ್ರಕ್ಕೆ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇತರರೊಂದಿಗೆ ಸೇರಿ 2025ರಲ್ಲಿ ಎಲೈಜಾ ಓಎಸ್ ಏಜೆಂಟ್‌ಗಳ ಮೇಲೆ ಪ್ರಯೋಗ ನಡೆಸಿ, ಏಜೆಂಟಿನ ನೆನಪಿನ ಕಡತದಲ್ಲಿ ಸುಳ್ಳು ಸಂಗತಿ ನೆಟ್ಟರೆ ಮುಂದೆ ಬೇರೊಬ್ಬರು ಕೇಳಿದ ವರ್ಗಾವಣೆಯೂ ದಾಳಿಕೋರರ ವಿಳಾಸಕ್ಕೆ ಹೋಗಬಹುದೆಂದು ತೋರಿಸಿದರು. ಎಂಸಿಪಿ ಉಪಕರಣಗಳ ವಿವರಣೆಯಲ್ಲೇ ವಿಷ ಬೆರೆಸಬಹುದೆಂದು ಭದ್ರತಾ ಸಂಸ್ಥೆ ಇನ್ವೇರಿಯಂಟ್ ಲ್ಯಾಬ್ಸ್ ಅದೇ ವರ್ಷದ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಉಪಕರಣ ಕಟ್ಟಲು ಬಳಸುವ ಲೈಬ್ರರಿಗಳೂ ದಾಳಿಗೆ ಒಳಗಾಗಿವೆ: 2024ರ ಡಿಸೆಂಬರಿನಲ್ಲಿ ಸೊಲಾನಾದ ವೆಬ್3 ಲೈಬ್ರರಿಯ ಎರಡು ಆವೃತ್ತಿಗಳಲ್ಲಿ ಖಾಸಗಿ ಕೀಲಿ ಕದಿಯುವ ಕೋಡ್ ಸೇರಿಕೊಂಡಿತ್ತು. ಕೀಲಿಯನ್ನು ನೇರವಾಗಿ ಇಟ್ಟುಕೊಂಡಿದ್ದ ಬಾಟ್‌ಗಳಿಗೆ ಅದರಿಂದ ಅಪಾಯ. ಸಹಿಯನ್ನು ಬಳಕೆದಾರರಿಗೆ ಬಿಡುವ ವಾಲೆಟ್‌ಗಳಿಗೆ ಅಲ್ಲ. ಸಿದ್ಧಪಡಿಸುವಷ್ಟಕ್ಕೇ ನಿಲ್ಲುವ ವಿನ್ಯಾಸದ ಪರವಾಗಿ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಮೋಸವೇ ಇಲ್ಲದೆಯೂ ಏಜೆಂಟ್ ಹಾದಿ ತಪ್ಪಬಹುದು. "ಹೆಚ್ಚು ಬಡ್ಡಿ ಸಿಗುವ ಕಡೆ ಹಣ ಇಡು" ಎಂಬ ಸರಳ ಆಜ್ಞೆಯನ್ನೇ ನೋಡಿ. 2025ರ ನವೆಂಬರಿನಲ್ಲಿ ಸ್ಟ್ರೀಮ್ ಫೈನಾನ್ಸ್, ಹೊರಗಿನ ನಿಧಿ ನಿರ್ವಾಹಕರಿಂದ ಸುಮಾರು 9.3 ಕೋಟಿ ಡಾಲರ್ ನಷ್ಟವಾಯಿತೆಂದು ಪ್ರಕಟಿಸಿದಾಗ ಅದರ ಎಕ್ಸ್‌ಯುಎಸ್‌ಡಿ ನಾಣ್ಯ ಡಾಲರ್ ಬೆಲೆಯಿಂದ ಕುಸಿಯಿತು. ಆ ನಾಣ್ಯವನ್ನು ಅಡಮಾನವಾಗಿ ಸ್ವೀಕರಿಸಿದ್ದ ಹಲವು ಸಾಲದ ಕೊಳಗಳಲ್ಲಿ ಠೇವಣಿದಾರರ ಹಣ ಸಿಕ್ಕಿಕೊಂಡಿತು. ಹೆಚ್ಚಿನ ಬಡ್ಡಿಯ ಹಿಂದೆ ಯಾವ ಅಡಮಾನ ಇದೆ, ಅದರ ಬೆಲೆ ಎಲ್ಲಿಂದ ಬರುತ್ತದೆ ಎಂದು ಕೇಳದ ಏಜೆಂಟ್ ನೇರವಾಗಿ ಇಂಥ ಕೊಳಕ್ಕೇ ಹೋಗಿ ನಿಲ್ಲುತ್ತದೆ.

ಸಹಿಯ ಗಳಿಗೆ

ಕೊನೆಯಲ್ಲಿ ಮನುಷ್ಯರೇ ಒಪ್ಪಿಗೆ ಕೊಡುವುದರಿಂದ ಭಯವಿಲ್ಲ ಎಂಬ ಮಾತು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಎರಡು ದೊಡ್ಡ ಕಳ್ಳತನಗಳು ಅದನ್ನು ಸುಳ್ಳು ಮಾಡಿವೆ. ಇವೆರಡರಲ್ಲೂ ಎಐ ಇರಲಿಲ್ಲ. 2024ರ ಜುಲೈ 18ರಂದು ಮುಂಬೈಯ ವಜೀರ್‌ಎಕ್ಸ್ ವಿನಿಮಯ ಕೇಂದ್ರದ ವಾಲೆಟ್ಟಿನಿಂದ 23 ಕೋಟಿ ಡಾಲರಿಗೂ ಹೆಚ್ಚು ಹಣ ಕಳುವಾಯಿತು. ಪರದೆಯ ಮೇಲೆ ಕಂಡದ್ದಕ್ಕೂ ನಿಜವಾಗಿ ಸಹಿಯಾದದ್ದಕ್ಕೂ ಹೊಂದಿಕೆ ಇರಲಿಲ್ಲವೆಂದು ಸಂಸ್ಥೆ ಹೇಳಿತು. ಕರ್ನಾಟಕವೂ ಸೇರಿದಂತೆ ದೇಶದ ತುಂಬ ಇದ್ದ ಅದರ ಗ್ರಾಹಕರ ಹಣ ತಿಂಗಳುಗಟ್ಟಲೆ ಸ್ತಬ್ಧವಾಯಿತು. 2025ರ ಫೆಬ್ರವರಿ 21ರಂದು ಬೈಬಿಟ್ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಹೋಯಿತು. ಸಹಿದಾರರು ನೋಡುತ್ತಿದ್ದ ಪರದೆಯ ಕೋಡನ್ನೇ ದಾಳಿಕೋರರು ಬದಲಿಸಿದ್ದರು, ಉತ್ತರ ಕೊರಿಯಾ ಇದರ ಹಿಂದಿದೆ ಎಂದು ಅಮೆರಿಕದ ಎಫ್‌ಬಿಐ ಹೇಳಿತು. ಅನುಭವಿಗಳಾದ ಹಲವರು ಸೇರಿ ಸಹಿ ಹಾಕುವ ವ್ಯವಸ್ಥೆಯಲ್ಲೇ ಹೀಗಾದರೆ, ಮೊಬೈಲಿನಲ್ಲಿ ಏಜೆಂಟ್ ಹೇಳಿದ್ದನ್ನು ನಂಬಿ ಹೆಬ್ಬೆರಳು ಒತ್ತುವ ಒಬ್ಬ ಗ್ರಾಹಕರ ಸ್ಥಿತಿಯನ್ನು ಊಹಿಸಬಹುದು.

ಆದ್ದರಿಂದ ಸಿದ್ಧಪಡಿಸಿದ ವಹಿವಾಟನ್ನು ವಿವರಿಸುವ ಕೆಲಸ ಅದನ್ನು ಸಿದ್ಧಪಡಿಸಿದ ಏಜೆಂಟಿನದಾಗಬಾರದು. ಇದಕ್ಕೆ ಎರಡು ದಾರಿಗಳಿವೆ. ಒಂದು, ಜಾಲದ ಈ ಕ್ಷಣದ ಸ್ಥಿತಿಯ ನಕಲಿನ ಮೇಲೆ ವಹಿವಾಟನ್ನು ಮೊದಲೇ ನಡೆಸಿ ನೋಡುವುದು: ಖಾತೆಯಿಂದ ಏನು ಹೋಗುತ್ತದೆ, ಏನು ಬರುತ್ತದೆ, ಆಮೇಲೆ ಹೆಲ್ತ್ ಫ್ಯಾಕ್ಟರ್ ಎಷ್ಟು, ಯಾವ ಅನುಮತಿ ಉಳಿದುಕೊಳ್ಳುತ್ತದೆ. ಟೆಂಡರ್ಲಿಯಂಥ ಸೇವೆಗಳು, ಫೌಂಡ್ರಿಯ ಆನ್ವಿಲ್‌ನಂಥ ಮುಕ್ತ ಸಾಧನಗಳು ಇದನ್ನು ಮಾಡುತ್ತವೆ. ಇನ್ನೊಂದು, ಕಾಲ್‌ಡೇಟಾವನ್ನು ವಾಲೆಟ್ ತಾನೇ ಬಿಡಿಸಿ ಓದಬಲ್ಲ ವಾಕ್ಯವಾಗಿ ತೋರಿಸುವುದು. ಲೆಡ್ಜರ್ ಸಂಸ್ಥೆ ಮುಂದಿಟ್ಟ ಇಆರ್‌ಸಿ-7730 ಇದಕ್ಕೆಂದೇ ಇರುವ ಮಾನದಂಡ. ಪ್ರಾಯೋಗಿಕ ಓಟಕ್ಕೂ ಸಹಿಗೂ ನಡುವೆ ಜಾಲದ ಸ್ಥಿತಿ ಬದಲಾಗಬಹುದು, ಆದ್ದರಿಂದ ಫಲಿತಾಂಶಕ್ಕೆ ವಯಸ್ಸಿನ ಮಿತಿ ಇರಬೇಕು. ಹಳೆಯದಾದರೆ ಉಪಕರಣ ವಹಿವಾಟನ್ನು ಹೊಸದಾಗಿ ಬರೆಯಬೇಕು. ಈ ವಾಕ್ಯಗಳು ಸದ್ಯ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಬರುತ್ತವೆ. ಏಜೆಂಟಿನೊಂದಿಗೆ ಕನ್ನಡದಲ್ಲಿ ಮಾತಾಡಿ ಸಾಲ ಕೇಳಿದವರು ಸಹಿಯ ಪರದೆಯನ್ನೂ ಕನ್ನಡದಲ್ಲಿ ಓದುವಂತಾಗುವುದು ಸೌಜನ್ಯದ ಪ್ರಶ್ನೆಗಿಂತ ಸುರಕ್ಷತೆಯ ಪ್ರಶ್ನೆ.

ಭಾರತದಲ್ಲಿ

ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ, ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕ್ ಸೇವೆ ನೀಡದಂತೆ ನಿರ್ಬಂಧಿಸುವ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಆಸ್ತಿಗಳ ವರ್ಗಾವಣೆಯ ಲಾಭಕ್ಕೆ ಶೇ. 30 ತೆರಿಗೆ, ಜುಲೈ 1ರಿಂದ ಶೇ. 1 ಟಿಡಿಎಸ್ ಜಾರಿಗೆ ಬಂದವು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶವಿಲ್ಲ. ಏಜೆಂಟ್ ಬಳಸುವ ಭಾರತೀಯರಿಗೆ ಇದರ ಪರಿಣಾಮ ನೇರವಾದದ್ದು. ಅಡಮಾನ ಸರಿತೂಗಿಸಲು ಏಜೆಂಟ್ ಈಥರನ್ನು ಯುಎಸ್‌ಡಿಸಿಗೆ, ಮತ್ತೆ ಈಥರಿಗೆ ಬದಲಿಸುತ್ತಿದ್ದರೆ ಪ್ರತಿ ವಿನಿಮಯವೂ ತೆರಿಗೆಯ ದೃಷ್ಟಿಯಲ್ಲಿ ಒಂದು ವರ್ಗಾವಣೆ. ವಿದೇಶದಲ್ಲಿ ಬರೆದ ಉಪಕರಣ ಗ್ಯಾಸ್ ಶುಲ್ಕವನ್ನೂ ಬಡ್ಡಿಯನ್ನೂ ಲೆಕ್ಕಹಾಕಿ "ಇದು ಲಾಭದಾಯಕ" ಎಂದು ಸೂಚಿಸಿದ ಹೆಜ್ಜೆ, ಈ ತೆರಿಗೆ ಸೇರಿಸಿದರೆ ನಷ್ಟದ್ದಾಗಬಹುದು.

2023ರ ಮಾರ್ಚ್ 7ರ ಅಧಿಸೂಚನೆ ಕ್ರಿಪ್ಟೊ ಸೇವೆ ನೀಡುವವರನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ತಂದಿತು. ಗ್ರಾಹಕರ ಹಣವನ್ನು ಇಟ್ಟುಕೊಳ್ಳುವವರು, ಅವರ ಪರವಾಗಿ ವರ್ಗಾಯಿಸುವವರು ಅದರಡಿ ನೋಂದಾಯಿಸಿಕೊಂಡು ಗ್ರಾಹಕರ ಗುರುತು ದಾಖಲಿಸಬೇಕು. ಕೀಲಿ ಇಟ್ಟುಕೊಳ್ಳದೆ ಬರೇ ವಹಿವಾಟು ಬರೆದುಕೊಡುವ ಉಪಕರಣಕ್ಕೂ, ಏಜೆಂಟಿನ ವಾಲೆಟ್ಟನ್ನು ತಾನೇ ಕಾಯುವ ಸೇವೆಗೂ ಇರುವ ವ್ಯತ್ಯಾಸ ಇಲ್ಲಿ ಕಾನೂನಿನ ತೂಕ ಪಡೆಯುತ್ತದೆ. ಬ್ಲಾಕ್‌ಚೈನ್ ದಾಖಲೆಯಲ್ಲಿ ಮಾತ್ರ ಆ ವ್ಯತ್ಯಾಸ ಕಾಣುವುದಿಲ್ಲ. ಸಹಿ ಮಾಡಿದ ವಿಳಾಸ, ಕರೆದ ಫಂಕ್ಷನ್, ಮೊತ್ತ, ಸಮಯ ಇಷ್ಟೇ ಅದರಲ್ಲಿರುತ್ತವೆ. ವಹಿವಾಟನ್ನು ಮನುಷ್ಯರು ಬರೆದರೇ, ಬಾಟ್ ಬರೆಯಿತೇ, ಭಾಷಾ ಮಾದರಿ ಬರೆಯಿತೇ ಎಂಬುದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಏಜೆಂಟ್ ಯಾವ ಮಾತಿನ ಮೇಲೆ ಯಾವ ವಹಿವಾಟು ಬರೆಯಿತು ಎಂಬ ದಾಖಲೆಯನ್ನು ಉಪಕರಣವೇ ಇಟ್ಟುಕೊಂಡು, ಕೇಳಿದಾಗ ಬಳಕೆದಾರರಿಗೆ ಕೊಡಬೇಕಾಗುತ್ತದೆ.